ಅಡಿಕೆ ಮಂಡಿಯ ಕ್ಯಾಮೆರಾ: ಒಬ್ಬೊಬ್ಬರಿಗೂ ಬೇರೆ ಲಾಗಿನ್

ಶಿವಮೊಗ್ಗದ ಒಂದು ಅಡಿಕೆ ಮಂಡಿಗೆ 16 ಚಾನೆಲ್ ಎನ್‌ವಿಆರ್ (ಕ್ಯಾಮೆರಾಗಳ ವಿಡಿಯೊ ರೆಕಾರ್ಡ್ ಮಾಡಿಡುವ ಡಬ್ಬ) ಹಾಕಿಕೊಟ್ಟಿದ್ದೆ. ತೂಕದ ಜಾಗ, ಗೋದಾಮು, ಹಣ ಎಣಿಸುವ ಕ್ಯಾಬಿನ್, ಎಲ್ಲ ಕಡೆ ಕ್ಯಾಮೆರಾ. ಅದನ್ನು ನೋಡಿಕೊಳ್ಳುವ ಮೂರೂ ಪಾಳಿಯ ಆಪರೇಟರ್‌ಗಳ ಹತ್ತಿರ ಒಂದೇ ಅಡ್ಮಿನ್ ಪಾಸ್‌ವರ್ಡ್. ಒಂದು ದಿನ ಕ್ಯಾಬಿನ್ ವಿಡಿಯೊ ವಾಟ್ಸಾಪ್‌ನಲ್ಲಿ ಓಡಾಡಿತು. ಯಾರು ಯಾವಾಗ ಏನು ಮಾಡಿದರು ಅಂತ ಬರೆದಿಡುವ ಲಾಗ್ ತೆಗೆದರೆ ಎಲ್ಲ ಸಾಲಿನಲ್ಲೂ ‘ಅಡ್ಮಿನ್’. ಯಾರನ್ನು ಕೇಳೋದು?

ಮಂಡಿ ಸಾಹುಕಾರರ ಮಾತಿನಂತೆ ಪಾಸ್‌ವರ್ಡ್ ಬದಲಾಯಿಸಿದ್ದಾಯಿತು. ವಾರದೊಳಗೆ ಅದು ಚೀಟಿಯಲ್ಲಿ ಮಾನಿಟರಿಗೆ ಅಂಟಿತ್ತು. ರ್‍ಯಾಕ್‌ಗೆ ಬೀಗ ಹಾಕಿಸಿದರು, ಕೀ ಪಕ್ಕದ ಮೊಳೆಯಲ್ಲೇ ನೇತಾಡುತ್ತಿತ್ತು. ಬೇರೆ ಬೇರೆ ಲಾಗಿನ್ ಮಾಡೋಣ ಅಂದಾಗ “ಇದೆಲ್ಲ ಇಲ್ಲಿ ನಡೆಯಲ್ಲ ಮಾರಾಯ” ಅಂದರು. ಕ್ಯಾಮೆರಾ ಹಾಕುವ ನಮ್ಮ ಲೈನಿನ ಗೆಳೆಯರದೂ ಅದೇ ಮಾತು.

ಆದರೂ ಮಾಡಿದೆ. ಆಪರೇಟರ್‌ಗಳಿಗೆ ಲೈವ್, ತೂಕ ಮತ್ತು ಗೋದಾಮಿನ ಪ್ಲೇಬ್ಯಾಕ್ (ಹಳೆಯ ವಿಡಿಯೊ) ಅಷ್ಟೇ. ಬ್ಯಾಕಪ್, ಅಂದರೆ ವಿಡಿಯೊ ಕಾಪಿ ಮಾಡುವ ಅನುಮತಿಯ ಟಿಕ್ ತೆಗೆದೆ. ಕ್ಯಾಬಿನ್ ಪ್ಲೇಬ್ಯಾಕ್ ಸಾಹುಕಾರರಿಗೆ ಮಾತ್ರ. ಆದರೆ ಯಾರೂ ಲಾಗ್‌ಔಟ್ ಆಗುತ್ತಿರಲಿಲ್ಲ. ಬೆಳಗಿನವನ ಹೆಸರಲ್ಲೇ ರಾತ್ರಿಯವನ ಕೆಲಸ! ಐದು ನಿಮಿಷಕ್ಕೆ ಆಟೋ ಲಾಗ್‌ಔಟ್ ಇಟ್ಟೆ. “ವ್ಯಾಪಾರದ ಹೊತ್ತಲ್ಲಿ ಸ್ಕ್ರೀನ್ ಕಪ್ಪಾಗುತ್ತೆ” ಅಂತ ಗಲಾಟೆ. ಲಾಕ್ ಆದಾಗ ಯಾವ ಕ್ಯಾಮೆರಾ ಕಾಣಬೇಕು ಅನ್ನೋ ಸೆಟ್ಟಿಂಗ್ ಬೇರೆಯೇ ಇದೆಯಲ್ವಾ, ಹೆಚ್ಚಿನವರು ಅದನ್ನು ಮುಟ್ಟೋದೇ ಇಲ್ಲ. ಕ್ಯಾಬಿನ್‌ನ ಎರಡನ್ನು ಬಿಟ್ಟು ಉಳಿದವನ್ನು ತೆರೆದಿಟ್ಟೆ. ಗಲಾಟೆ ನಿಂತಿತು.

ನಡುವೆ ಎನ್‌ವಿಆರ್ ರೂಮಿನ ಬಾಗಿಲಿಗೆ ಬೆರಳಚ್ಚು ಮೆಷಿನ್ ಹಾಕಿ ನೋಡಿದೆ. ಏಳೆಂಟು ಸಾವಿರ ನನ್ನ ಕೈಯಿಂದಲೇ ಹೋಯಿತು. ಸುಗ್ಗಿಯಲ್ಲಿ ಹುಡುಗರು ರಾತ್ರಿ ಮನೆಯಲ್ಲಿ ಅಡಿಕೆ ಸುಲಿದು ಬರುತ್ತಾರೆ. ಬೆರಳ ತುದಿಗೆ ಕಪ್ಪು ಕರೆ, ಚರ್ಮ ಒರಟು. ಐದಾರು ಸಲ ಒತ್ತಿದರೂ ಮೆಷಿನ್ ಬರೀ ಕೀಂಯ್ ಅನ್ನುತ್ತಿತ್ತು. ಬಿಚ್ಚಿಟ್ಟೆ.

ಇನ್ನೊಂದು ವಿಷಯ. ಪಿಒಇ ಪೋರ್ಟಿಗೆ (ಒಂದೇ ಕೇಬಲ್‌ನಲ್ಲಿ ಕರೆಂಟು, ವಿಡಿಯೊ ಎರಡೂ ಹೋಗುವ ಪೋರ್ಟ್) ಕ್ಯಾಮೆರಾ ಚುಚ್ಚಿದರೆ ಕೆಲವು ಎನ್‌ವಿಆರ್ ತನ್ನ ಅಡ್ಮಿನ್ ಪಾಸ್‌ವರ್ಡನ್ನೇ ಅದಕ್ಕೂ ಕೊಡುತ್ತೆ. ಒಂದು ಗೊತ್ತಾದರೆ ಇನ್ನೊಂದೂ ತೆರೆದಂತೆ. ಕ್ಯಾಮೆರಾಗಳಿಗೆ ಬೇರೆ ಪಾಸ್‌ವರ್ಡ್ ಇಡದೆ ಮೇಲಿನದ್ದೆಲ್ಲ ಸುಮ್ನೆ. ಟೈಮ್ ಸಿಂಕ್ ಕೂಡ ನೋಡಿಕೊಳ್ಳಿ. ಗಡಿಯಾರ ತಪ್ಪಿದರೆ ಲಾಗ್‌ನಲ್ಲಿ ಪಾಳಿಯೇ ಬದಲಾಗುತ್ತೆ. ಯುಎಸ್‌ಬಿ ಪೋರ್ಟಿಗೆ ಏನು ಮಾಡಿದೆ ಅಂತ ಮಾತ್ರ ಬರೆಯಲ್ಲ, ಅದು ನನ್ನ ಅನ್ನ.

ಕಳೆದ ಸುಗ್ಗಿಯಲ್ಲಿ ‘ರಾಶಿ’ ಅನ್ನೋ ಬಗೆಯ ಅಡಿಕೆ ಚೀಲದ ತೂಕಕ್ಕೆ ತಕರಾರು ಬಂತು. ಆಪರೇಟರ್ ಆ ವಿಡಿಯೊ ಹುಡುಕಿ ತೋರಿಸಿದ, ಸಾಹುಕಾರರು ತಮ್ಮ ಲಾಗಿನ್‌ನಲ್ಲಿ ಕಾಪಿ ತೆಗೆದರು, ಹತ್ತೇ ನಿಮಿಷ. ಕಾಪಿ ತೆಗೆದವರ ಹೆಸರು, ಹೊತ್ತು ಎರಡೂ ಲಾಗ್‌ನಲ್ಲಿದ್ದವು. ನಡೆಯಲ್ಲ ಅಂದಿದ್ದ ಗೆಳೆಯರೇ ಈಗ ಇನ್ನೂ ಎರಡು ಮಂಡಿ ಕೆಲಸ ಕೊಡಿಸಿದ್ದಾರೆ. ಲಾಗಿನ್ ಕೆಲಸಕ್ಕೇ ಮೂರು ಸಾವಿರ ಜಾಸ್ತಿ ಹಾಕುತ್ತೇನೆ, ಯಾರೂ ಚೌಕಾಸಿ ಮಾಡಿಲ್ಲ.