ದುಡ್ಡೆಲ್ಲ ಧ್ವನಿಗೆ

ಕಿರುಚಿತ್ರ ಮಾಡಿದೆ ಎಂದರೆ ಎಲ್ಲರೂ ಮೊದಲು ಕೇಳುವುದು ‘ಕ್ಯಾಮೆರಾ ಯಾವುದು?’ ಎಂದೇ. ನನ್ನದು ಹಳೆಯ ಕ್ಯಾನನ್ 700ಡಿ, ಮದುವೆ ಫೋಟೊ ತೆಗೆಯುವ ಗೆಳೆಯನಿಂದ ಕಡ ತಂದದ್ದು. ಕೈಯಲ್ಲಿದ್ದ 15 ಸಾವಿರ ರೂಪಾಯಿಯಲ್ಲಿ ಅರ್ಧಕ್ಕಿಂತ ಹೆಚ್ಚು ಧ್ವನಿಗೆ ಹೋಯಿತು, ಉಳಿದದ್ದು ಊಟ ತಿಂಡಿಗೆ. ದೃಶ್ಯಕ್ಕೆಂದು ಕೊಂಡದ್ದು ಎರಡು ಥರ್ಮಾಕೋಲ್ ಹಾಳೆ ಮಾತ್ರ.

ಬೆಳಕು ಪುಕ್ಕಟೆ ಸಿಕ್ಕಿತು. ಸಾಗರದ ಕಡೆ ನಮ್ಮ ದೊಡ್ಡಮ್ಮನದು ಹೆಂಚಿನ ಮನೆ, ಅಡುಗೆಮನೆಯ ಮಾಡಿನಲ್ಲಿ ಒಂದು ಗಾಜಿನ ಹೆಂಚಿದೆ. ಹತ್ತು ಗಂಟೆಯ ಸುಮಾರಿಗೆ ಬಿಸಿಲಕೋಲು ಒಲೆಕಟ್ಟೆಯ ಮೇಲೆ ಬಿದ್ದು, ಹನ್ನೊಂದೂವರೆಯ ಹೊತ್ತಿಗೆ ಗೋಡೆಯ ಬುಡ ಸೇರುತ್ತದೆ. ಅಡುಗೆಮನೆಯ ದೃಶ್ಯಗಳನ್ನೆಲ್ಲ ಆ ಹೊತ್ತಿಗೇ ಇಟ್ಟುಕೊಂಡೆವು. ನೆರಳಿನ ಕಡೆಯ ಕೆನ್ನೆ ಕಪ್ಪಾಗದಂತೆ ಥರ್ಮಾಕೋಲ್ ಹಿಡಿದರೆ ಸಾಕಿತ್ತು. ಈ ಕ್ಯಾಮೆರಾದ ಸೆನ್ಸರ್ ಚಿಕ್ಕದು, ಅದರಲ್ಲಿ 50 ಎಂಎಂ ಲೆನ್ಸ್ 80ರಂತೆ ವರ್ತಿಸುತ್ತದೆ, ಅಂದರೆ ಚೌಕಟ್ಟಿನಲ್ಲಿ ಹಿಡಿಯುವ ಜಾಗ ಕಿರಿದಾಗುತ್ತದೆ. ಮುಖಕ್ಕೆ ಚೆಂದ, ಇಕ್ಕಟ್ಟಾದ ಕೋಣೆಗೆ ಆಗದು. ಅಗಲದ ಶಾಟುಗಳಿಗೆ ಕ್ಯಾಮೆರಾ ಜೊತೆಗೇ ಬಂದ 18-55 ಲೆನ್ಸೇ ಆಯಿತು. ಸೆಕೆಂಡಿಗೆ 25 ಫ್ರೇಮ್, ಶಟರ್ (ಒಂದೊಂದು ಫ್ರೇಮಿಗೆ ಬೆಳಕು ಬೀಳುವ ಹೊತ್ತು) ಸೆಕೆಂಡಿನ 1/50. ನಮ್ಮ ವಿದ್ಯುತ್ತು 50 ಹರ್ಟ್ಸ್, ಶಟರ್ ಅದಕ್ಕೆ ಹೊಂದಿದ್ದರಿಂದ ಜಗಲಿಯ ಟ್ಯೂಬ್‌ಲೈಟ್ ಮಿಣುಗಲಿಲ್ಲ. ಬಿಳಿಯನ್ನು ಬಿಳಿಯಾಗಿಯೇ ತೋರಿಸುವ ವೈಟ್ ಬ್ಯಾಲೆನ್ಸನ್ನು ಆಟೊದಲ್ಲಿ ಬಿಡಬೇಡಿ, ಶಾಟಿನಿಂದ ಶಾಟಿಗೆ ಸುಣ್ಣದ ಗೋಡೆ ಬಣ್ಣ ಬದಲಿಸುತ್ತದೆ.

ಧ್ವನಿಯ ಮೇಲೆ ಇಷ್ಟು ಸುರಿಯಲು ಕಾರಣ ಕಥೆಯೇ. ಕೊನೆಯಲ್ಲಿ ತಾಯಿ ಬೆನ್ನು ತಿರುಗಿಸಿಕೊಂಡೇ ‘ಬಂದೆಯಾ’ ಎನ್ನಬೇಕು, ಮುಖ ಕಾಣುವುದಿಲ್ಲ. ಹೆಗ್ಗೋಡಿನ ನೀನಾಸಂ ಹತ್ತಿರವೇ ಇರುವುದರಿಂದ ನಾಟಕದ ರೂಢಿ ಇರುವವರಿಗೆ ನಮ್ಮಲ್ಲಿ ಬರವಿಲ್ಲ. ಆದರೆ ರಂಗದ ಮೇಲೆ ಪಳಗಿದವರ ದನಿ ಕೊನೆಯ ಸಾಲಿಗೂ ಕೇಳಬೇಕೆಂದೇ ಹೊರಡುತ್ತದೆ. ಮೈಕು ನೆತ್ತಿಯ ಹತ್ತಿರವೇ ಇದೆ ಎಂದು ಗೊತ್ತಾದ ಮೇಲೆ ನಮ್ಮ ಕಲಾವಿದೆ ತಾವಾಗಿಯೇ ದನಿ ತಗ್ಗಿಸಿದರು.

ರೆಕಾರ್ಡರ್, ಮೈಕು ಬಾಡಿಗೆಗೆ ತಂದೆವು. ಕೋಲು ಮನೆಯದೇ, ಹಣ್ಣು ಕೊಯ್ಯುವ ದೋಟಿ. ಅದರ ತುದಿಗೆ ರಬ್ಬರ್ ಬ್ಯಾಂಡುಗಳಲ್ಲಿ ಮೈಕನ್ನು ತೂಗುಬಿಟ್ಟಿದ್ದರಿಂದ ಕೈ ಜಾರಿಸಿದ ಸದ್ದು ಒಳಗೆ ಹೋಗಲಿಲ್ಲ. ಫ್ಯಾನು ಬಂದ್, ಫ್ರಿಜ್ಜೂ ಬಂದ್. ಮತ್ತೆ ಹಾಕಲು ಮರೆಯದಂತೆ ಬೈಕಿನ ಕೀಲಿಯನ್ನು ಫ್ರಿಜ್ಜಿನೊಳಗೇ ಇಟ್ಟಿದ್ದೆ. “ಕರೆಂಟು ಹೋದರೆ ಹಾರಾಡುತ್ತಿದ್ದವನು ಈಗ ಹೋಗಲಿ ಅನ್ನುತ್ತೀಯಲ್ಲೋ!” ಎಂದು ದೊಡ್ಡಮ್ಮ ನಕ್ಕರು. ಜೀರುಂಡೆಗಳಿಗೆ ಮಾತ್ರ ಸ್ವಿಚ್ ಇರಲಿಲ್ಲ. ಸಂಜೆಯ ಸಂಭಾಷಣೆಗಳನ್ನು ಕೋಣೆಯೊಳಕ್ಕೆ ಸರಿಸಿದೆವು.

ಪ್ರತಿ ಜಾಗದಲ್ಲೂ ಯಾರೂ ಮಾತಾಡದೆ ನಿಂತು ಒಂದು ನಿಮಿಷ ಬರೀ ಮೌನವನ್ನು ದಾಖಲಿಸಿಕೊಂಡೆವು. ಎರಡು ಮಾತುಗಳ ನಡುವೆ ಕತ್ತರಿಸಿದ ಕಡೆ ಅದನ್ನೇ ತುಂಬಬೇಕು, ಇಲ್ಲದಿದ್ದರೆ ಕಿವಿಗೆ ಗುಂಡಿ ಬಿದ್ದಂತಾಗುತ್ತದೆ. ಕ್ಲ್ಯಾಪ್ ಬೋರ್ಡ್ ಬದಲು ಕ್ಯಾಮೆರಾ ಎದುರು ಚಪ್ಪಾಳೆ ತಟ್ಟಿದೆವು. ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ತಂತ್ರಾಂಶದ ಉಚಿತ ಆವೃತ್ತಿಯಲ್ಲಿ, ಧ್ವನಿಯ ಗೆರೆಯಲ್ಲಿ ಚಪ್ಪಾಳೆ ಎದ್ದ ಮೊನೆಯನ್ನು ನೋಡಿ ಚಿತ್ರಕ್ಕೆ ಧ್ವನಿ ಕೂಡಿಸಿದೆ.

ನೋಡುವವರಲ್ಲಿ ಹೆಚ್ಚಿನವರು ಮೊಬೈಲಿನಲ್ಲೇ ನೋಡುತ್ತಾರಲ್ಲ, ಕಡೆಗೆ ಹಾಗೆಯೇ ಹಾಕಿ ಕೇಳಿದೆ. ‘ಬಂದೆಯಾ’ ಸರಿಯಾಗಿತ್ತು, ಅದರ ಹಿಂದಿದ್ದ ಒಗ್ಗರಣೆಯ ಸದ್ದನ್ನು ತುಸು ಇಳಿಸಿದೆ.