ಬೀಗವಿಲ್ಲದ ಗೇಟಿಗೆ ಕಾವಲು

ಮಠವೊಂದು ನಡೆಸುವ ವಿದ್ಯಾಸಂಸ್ಥೆಯ ಭದ್ರತೆ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ ಮೂರನೆಯ ದಿನವೇ ಒಂದು ತಪ್ಪು ಮಾಡಿದೆ. ರಾತ್ರಿ ಎಂಟಕ್ಕೆ ಮುಖ್ಯ ಗೇಟು ಹಾಕಿಸಿ ಬೀಗ ಜಡಿಸಿದೆ. ಇಪ್ಪತ್ತೆಂಟು ವರ್ಷ ಸೈನ್ಯದ ಎಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದು ಸುಬೇದಾರನಾಗಿ ನಿವೃತ್ತನಾದವನು ನಾನು. ಗೇಟು ಇರುವುದೇ ಹಾಕುವುದಕ್ಕೆ ಎಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಒಂಬತ್ತೂವರೆಯ ಕಡೆಯ ಬಸ್ಸಿನಲ್ಲಿ ಬಂದಿಳಿದ ಹದಿನಾಲ್ಕು ಜನ, ಅವರಲ್ಲಿ ಇಬ್ಬರು ಮುದುಕಿಯರು ಮತ್ತು ಒಂದು ಎಳೆಯ ಮಗು, ಹೊರಗೆ ಗೋಣಿ ಹಾಸಿಕೊಂಡು ಮಲಗಿದರಂತೆ. ಬೆಳಿಗ್ಗೆ ಮಠದಿಂದ ಕರೆ ಬಂತು.

"ಸುಬೇದಾರರೇ, ಆ ಬೀಗ ಎಲ್ಲಿ ಸಿಕ್ಕಿತು?" ಎಂದು ಸ್ವಾಮೀಜಿ ಕೇಳಿದರು.

"ಪೇಟೆಯಿಂದ ತರಿಸಿದೆ, ಬುದ್ಧಿ."

"ತರಿಸಿಯೇ ಇರಬೇಕು. ಮಠದಲ್ಲಿ ಇರಲಿಲ್ಲ."

ಬೈಗುಳವೆಂದರೆ ಅಷ್ಟೇ. ಆ ಬೀಗ ಈಗಲೂ ನನ್ನ ಮೇಜಿನ ಖಾನೆಯಲ್ಲಿದೆ.

ಮಠಗಳು ವಿಶ್ವವಿದ್ಯಾಲಯ ನಡೆಸುವುದು ಕರ್ನಾಟಕದವರಿಗೆ ಹೊಸ ಸಂಗತಿಯಲ್ಲ. ಸುತ್ತೂರು ಮಠದವರು ನಡೆಸುವ ಮೈಸೂರಿನ ಜೆಎಸ್‌ಎಸ್ ಸಂಸ್ಥೆ 2008ರಲ್ಲೇ ಡೀಮ್ಡ್ ವಿಶ್ವವಿದ್ಯಾಲಯವಾಯಿತು. ನಾನಿರುವುದು ಅಲ್ಲಲ್ಲ, ಬಯಲುಸೀಮೆಯ ಬೇರೊಂದು ಕಡೆ, ಹೆಸರು ಬೇಡ. ನಮ್ಮಲ್ಲಿ ಒಂದೇ ಕಾಂಪೌಂಡಿನೊಳಗೆ ಗದ್ದುಗೆ, ದಾಸೋಹದ ಮನೆ, ಎಂಜಿನಿಯರಿಂಗ್ ಮತ್ತು ನರ್ಸಿಂಗ್ ಕಾಲೇಜುಗಳು, ನಾಲ್ಕು ಹಾಸ್ಟೆಲುಗಳು ಇವೆ. ಭಕ್ತರಿಗೂ ವಿದ್ಯಾರ್ಥಿಗಳಿಗೂ ಇರುವುದು ಒಂದೇ ರಸ್ತೆ. ಗುರುತಿನ ಚೀಟಿ ತೋರಿಸಿದವರಿಗೆ ಮಾತ್ರ ಪ್ರವೇಶ ಎಂಬ ಫಲಕವನ್ನು ಬೇರೆ ಕಾಲೇಜಿನವರು ಹಾಕಬಹುದು. ಹಸಿದು ಬಂದವನಿಗೆ ನಾವು ಯಾವ ಚೀಟಿ ಕೇಳುವುದು?

ಹಾಗಾಗಿ ಮೊದಲ ವರ್ಷವೆಲ್ಲ ನಾನು ಮಾಡಿದ್ದು ಗೇಟಿನಲ್ಲಿ ಆಡುವ ಮಾತನ್ನು ಬದಲಿಸುವ ಕೆಲಸ. ಏಜೆನ್ಸಿಯಿಂದ ಬಂದ ಗಾರ್ಡ್‌ಗಳಿಗೆ "ಏಯ್, ಎಲ್ಲಿಗೆ?" ಎನ್ನುವುದೊಂದೇ ಗೊತ್ತಿತ್ತು. ಖಾಸಗಿ ಭದ್ರತಾ ಏಜೆನ್ಸಿಗಳಿಗೆ 2005ರಿಂದ ಕಾಯ್ದೆಯೇ ಇದೆ; ಅದರಡಿಯ ಮಾದರಿ ನಿಯಮದ ಪ್ರಕಾರ ಹೊಸ ಗಾರ್ಡ್‌ಗೆ 100 ಗಂಟೆ ಪಾಠ, 60 ಗಂಟೆ ಮೈದಾನದ ತರಬೇತಿ ಆಗಿರಬೇಕು. ನಮ್ಮಲ್ಲಿಗೆ ಬಂದ ತಂಡದಲ್ಲಿ ಎಷ್ಟು ಜನರಿಗೆ ಆಗಿದೆ ಎಂದು ಕೇಳಿದರೆ ಮೇಲ್ವಿಚಾರಕ ಚಾವಣಿ ನೋಡಿದ. ಸರಿ, ನಾನೇ ಕಲಿಸಲು ಕುಳಿತೆ. ಮೂರು ಪ್ರಶ್ನೆ ಗೊತ್ತುಮಾಡಿದೆ: ಊಟ ಆಯಿತೇ? ಯಾವ ಊರಾಯಿತು? ಯಾರನ್ನು ನೋಡಬೇಕಿತ್ತು? ಇದೇ ಕ್ರಮದಲ್ಲಿ ಕೇಳಬೇಕು, ಮೊದಲನೆಯದನ್ನು ಬಿಡುವಂತಿಲ್ಲ. ಗದ್ದುಗೆಗೆ ಬಂದವರು ಈ ಮೂರಕ್ಕೂ ನಿಂತು ಉತ್ತರ ಕೊಡುತ್ತಾರೆ, ಸಾಲದ್ದಕ್ಕೆ ಮಳೆ ಬೆಳೆಯ ಸುದ್ದಿಯನ್ನೂ ಹೇಳುತ್ತಾರೆ. ಬೇರೆ ಕೆಲಸಕ್ಕೆ ಬಂದವನು ಎಲ್ಲೋ ಒಂದು ಕಡೆ ತಡವರಿಸುತ್ತಾನೆ.

ಇದು ಫಲ ಕೊಟ್ಟದ್ದಕ್ಕೆ ಒಂದು ಉದಾಹರಣೆ. ಒಂದು ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹೆಗಲಿಗೆ ಚೀಲ ಹಾಕಿಕೊಂಡು ಹೊರಟಿದ್ದ ಯುವಕನನ್ನು ನಮ್ಮ ಗಾರ್ಡ್ ಎಂದಿನಂತೆ ಊಟದ ವಿಚಾರ ಕೇಳಿದ. "ಆಯಿತು, ಅನ್ನ ಸಾಂಬಾರು ಚೆನ್ನಾಗಿತ್ತು" ಎಂದ ಅವನು. ದಾಸೋಹದಲ್ಲಿ ಬೆಳಗಿನ ಉಪ್ಪಿಟ್ಟು ಒಂಬತ್ತಕ್ಕೆ ಮುಗಿದಿರುತ್ತದೆ, ಅನ್ನದ ಪಂಕ್ತಿ ಹನ್ನೆರಡೂವರೆಗಿಂತ ಮೊದಲು ಕೂರುವುದೇ ಇಲ್ಲ. ಚೀಲದಲ್ಲಿ ಹಾಸ್ಟೆಲಿನ ಎರಡು ಲ್ಯಾಪ್‌ಟಾಪ್ ಇದ್ದವು. ಇಲ್ಲಿಯವರೆಗೆ ಹೆಮ್ಮೆಯ ಕಥೆ. ಮುಂದಿನದನ್ನೂ ಹೇಳಬೇಕು: ನಾನು ಅಲ್ಲಿಗೆ ತಲುಪುವಷ್ಟರಲ್ಲಿ ಅವನನ್ನು ಹೊಂಗೆಮರಕ್ಕೆ ಕಟ್ಟಿ ನಾಲ್ಕು ಬಿಗಿದಿದ್ದರು. ಹೊಡೆದವರಲ್ಲಿ ಒಬ್ಬ ಉಪನ್ಯಾಸಕರೂ ಇದ್ದರು. ಕಳ್ಳತನ ಮಾಡುವಾಗ ಕಣ್ಣೆದುರು ಸಿಕ್ಕವನನ್ನು ಹಿಡಿದಿಡುವ ಅಧಿಕಾರ ಸಾಮಾನ್ಯ ನಾಗರಿಕನಿಗೂ ಇದೆ; ಆದರೆ ಹಿಡಿದವನನ್ನು ಪೊಲೀಸರಿಗೆ ಒಪ್ಪಿಸಬೇಕು, 2024ರ ಜುಲೈ 1ರಿಂದ ಜಾರಿಯಾದ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದಕ್ಕೆ ಆರು ಗಂಟೆಯ ಗಡುವು ಹಾಕಿದ್ದಾರೆ. ಹೊಡೆಯುವ ಅಧಿಕಾರ ಹಳೆಯದರಲ್ಲೂ ಇರಲಿಲ್ಲ, ಹೊಸದರಲ್ಲೂ ಇಲ್ಲ. ಅವನಿಗೆ ನೀರು ಕೊಡಿಸಿ ಠಾಣೆಗೆ ಕರೆದುಕೊಂಡು ಹೋದೆ. ಕೈಮಾಡಿದ ಇಬ್ಬರು ಗಾರ್ಡ್‌ಗಳನ್ನು ಏಜೆನ್ಸಿಗೆ ವಾಪಸು ಕಳಿಸಿದೆ. ಉಪನ್ಯಾಸಕರನ್ನು ಕಳಿಸುವುದು ನನ್ನ ಕೈಯಲ್ಲಿರಲಿಲ್ಲ.

ಅದಕ್ಕೆ ಹಲವು ವರ್ಷ ಮೊದಲಿನ ಮಾತು. ಹೆಣ್ಣುಮಕ್ಕಳ ಹಾಸ್ಟೆಲಿನ ಹಾಜರಿಯನ್ನು ಏಳೂವರೆಯಿಂದ ಆರೂವರೆಗೆ ಹಿಂದೆ ತರಬೇಕೆಂದು ಆಡಳಿತ ಮಂಡಳಿ ಯೋಚಿಸಿತ್ತು. ಗ್ರಂಥಾಲಯದಿಂದ ಹಾಸ್ಟೆಲಿಗೆ ಬರುವ ದಾರಿಯಲ್ಲಿ ಯಾರೋ ಕೂಗಿ ಚುಡಾಯಿಸಿದ್ದರು. ನನ್ನ ಅಭಿಪ್ರಾಯ ಕೇಳಿದರು, ನಾನೂ ಹೂಂ ಎಂದೆ. ಸುದ್ದಿ ಹಬ್ಬಿದ ಸಂಜೆ ನರ್ಸಿಂಗ್ ಓದುವ ಹುಡುಗಿಯೊಬ್ಬಳು ನನ್ನ ಕಚೇರಿಗೆ ಬಂದು, "ದೀಪ ಕೆಟ್ಟಿರುವುದು ಕಂಬದಲ್ಲಿ, ಒಳಗೆ ಕೂಡಿಹಾಕುವುದು ನಮ್ಮನ್ನು, ಇದು ಯಾವ ನ್ಯಾಯ ಸರ್?" ಎಂದಳು. ಉತ್ತರ ಇರಲಿಲ್ಲ. ಆಮೇಲೆ ಹುಡುಕಿದರೆ, ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2013ರಲ್ಲಿ ತರಿಸಿಕೊಂಡ ಸಕ್ಷಮ್ ವರದಿಯಲ್ಲೂ ಇದೇ ಧಾಟಿಯ ಮಾತಿದೆ: ಸುರಕ್ಷತೆಯ ಹೆಸರಿನಲ್ಲಿ ವಿದ್ಯಾರ್ಥಿನಿಯರ ಓಡಾಟ ಕಟ್ಟಬಾರದು ಎಂದು. ಅವಳು ಅದನ್ನು ಓದಿರಲಾರಳು, ಓದಬೇಕಾದ ನಾನೂ ಓದಿರಲಿಲ್ಲ.

ಮರುವಾರ ಆರು ಜನ ಹುಡುಗಿಯರು, ಒಬ್ಬ ವಾರ್ಡನ್ ಮತ್ತು ನಾನು ರಾತ್ರಿ ಎಂಟೂವರೆಗೆ ಇಡೀ ಆವರಣ ಸುತ್ತಿದೆವು. ಎಲ್ಲಿ ಕಾಲು ಬೇಗ ಬೇಗ ಹಾಕಬೇಕು ಅನ್ನಿಸುತ್ತದೆಯೋ ಅಲ್ಲಿ ನಕ್ಷೆಯ ಮೇಲೆ ಗುರುತು ಹಾಕಿ ಎಂದಿದ್ದೆ. ನನ್ನ ಜೇಬಿನಲ್ಲಿ ನಾನೇ ಹಗಲಲ್ಲಿ ಗುರುತು ಹಾಕಿದ್ದ ಇನ್ನೊಂದು ನಕ್ಷೆಯಿತ್ತು. ಅವರು ಹನ್ನೊಂದು ಕಡೆ ಗುರುತು ಹಾಕಿದರು, ನನ್ನದಕ್ಕೆ ಹೊಂದಿದ್ದು ಮೂರು. ನಾನು ಭಯಪಟ್ಟಿದ್ದ ಹಿಂದಿನ ತೆಂಗಿನತೋಟವನ್ನು ಅವರು ಲೆಕ್ಕಕ್ಕೇ ಹಿಡಿಯಲಿಲ್ಲ, ಆ ಕಡೆ ಯಾರೂ ಹೋಗುವುದೇ ಇಲ್ಲವಂತೆ. ಆರು ಜನರೂ ತಪ್ಪದೆ ಗುರುತು ಹಾಕಿದ ಜಾಗ ಒಂದೇ ಒಂದು, ಅದು ಹಾಸ್ಟೆಲ್ ಮುಂದಿನ ನಮ್ಮ ಗಾರ್ಡ್ ಕೋಣೆ. ಏಕೆಂದು ಕೇಳಿದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ವಾರ್ಡನ್ ಹೇಳಿದರು: "ಬೆಂಚು ರಸ್ತೆಗೆ ಮುಖಮಾಡಿ ಇದೆ ಸರ್. ಅಲ್ಲಿ ನಾಲ್ಕು ಜನ ಕೂತು ನೋಡುತ್ತಿರುತ್ತಾರೆ."

ಕಾವಲಿಗೆ ಕೂರಿಸಿದ ಕಣ್ಣುಗಳೇ ಮಕ್ಕಳನ್ನು ಓಡಿಸುತ್ತಿದ್ದವು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಬೆಂಚು ತೆಗೆಸುವುದು ಸುಲಭವಾಯಿತು. ದೀಪಗಳಿಗೆ ಎರಡು ತಿಂಗಳು ಹಿಡಿಯಿತು. ಅಲ್ಲಿಗೆ ಮಹಿಳಾ ಗಾರ್ಡ್‌ಗಳನ್ನು ಹಾಕುವುದಕ್ಕೆ ಒಂದು ವರ್ಷವೇ ಬೇಕಾಯಿತು, ಮತ್ತು ಅದು ಸಂಬಳದ ಸಮಸ್ಯೆಯಾಗಿರಲಿಲ್ಲ. ರಾತ್ರಿ ಹತ್ತಕ್ಕೆ ಪಾಳಿ ಮುಗಿಸಿದ ಹೆಂಗಸು ಐದು ಕಿಲೋಮೀಟರ್ ಆಚೆಯ ಊರಿಗೆ ಹೋಗುವುದು ಹೇಗೆ? ಅವರಿಗೆ ಬಟ್ಟೆ ಬದಲಿಸುವ ಕೋಣೆಯಾಗಲಿ ಶೌಚಾಲಯವಾಗಲಿ ಇರಲಿಲ್ಲ. ಇವೆರಡನ್ನೂ ಕಟ್ಟಿಸಿ, ಪಾಳಿಯನ್ನು ಸಂಜೆ ಆರರಿಂದ ಬೆಳಿಗ್ಗೆ ಆರಕ್ಕೆ ಮಾಡಿ, ನಡುವೆ ಸರದಿಯಲ್ಲಿ ಮಲಗಲು ಅವಕಾಶ ಕೊಟ್ಟ ಮೇಲೆ ಸುತ್ತಲಿನ ಹಳ್ಳಿಗಳಿಂದ ಒಂಬತ್ತು ಜನ ಬಂದರು. ಹನ್ನೆರಡು ಗಂಟೆಯ ಪಾಳಿ ಒಳ್ಳೆಯದೆಂದು ನಾನು ಹೇಳುವುದಿಲ್ಲ. ಅವರೇ ಕೇಳಿ ಪಡೆದದ್ದು, ಹೆಚ್ಚಿನ ಗಂಟೆಗಳಿಗೆ ಲೆಕ್ಕಹಾಕಿ ಕೊಡುತ್ತೇವೆ. ಹಾಜರಿ ಏಳೂವರೆಯಲ್ಲೇ ಉಳಿಯಿತು.

ಧಾರ್ಮಿಕ ಸಂಸ್ಥೆಯಲ್ಲಿ ಕಷ್ಟದ ಕೆಲಸ ಹೊರಗಿನವರನ್ನು ತಡೆಯುವುದಲ್ಲ. ಒಮ್ಮೆ ಎಲ್ಲರೂ ಕಾಲಿಗೆ ಬೀಳುವ ಹಿರಿಯರೊಬ್ಬರ ಮೇಲೆ ವಿದ್ಯಾರ್ಥಿನಿ ದೂರು ಕೊಟ್ಟಳು. ವಿವರ ನನ್ನದಲ್ಲ, ಅವಳದು, ಹೇಳುವುದಿಲ್ಲ. "ಮಠದ ಮರ್ಯಾದೆ" ಎಂಬ ಮಾತು ಮಧ್ಯಾಹ್ನದೊಳಗೆ ನಾಲ್ಕು ಬಾಯಿಂದ ನನ್ನ ಕಿವಿಗೆ ಬಿತ್ತು. ಇಂಥ ಪ್ರಕರಣದಲ್ಲಿ ವಿಚಾರಣೆ ಮಾಡುವುದು ಲೈಂಗಿಕ ಕಿರುಕುಳ ತಡೆಯ 2013ರ ಕಾಯ್ದೆಯ ಪ್ರಕಾರ ಆಂತರಿಕ ಸಮಿತಿ, ಭದ್ರತಾ ವಿಭಾಗವಲ್ಲ. ನನಗೆ ಉಳಿದದ್ದು ಒಂದೇ ಕೆಲಸ: ಕ್ಯಾಮೆರಾದ ದೃಶ್ಯ ಅಳಿಸಿಹೋಗದಂತೆ ನೋಡಿಕೊಳ್ಳುವುದು. ನಮ್ಮ ಯಂತ್ರದಲ್ಲಿ ಹದಿನೈದು ದಿನ ಕಳೆದರೆ ಹಳೆಯದರ ಮೇಲೆ ಹೊಸದು ಬಂದು ಕೂರುತ್ತದೆ. ಹಿಂದೊಮ್ಮೆ ರ‍್ಯಾಗಿಂಗ್ ಪ್ರಕರಣವೊಂದರಲ್ಲಿ ಪತ್ರವ್ಯವಹಾರ ಮುಗಿಯುವಷ್ಟರಲ್ಲಿ ದೃಶ್ಯವೇ ಹೋಗಿತ್ತು; ಆ ತಪ್ಪು ಸಂಪೂರ್ಣ ನನ್ನದು. ಈ ಸಲ ಅದೇ ಮಧ್ಯಾಹ್ನ ಎರಡು ಪ್ರತಿ ತೆಗೆದು, ಲಕೋಟೆಗೆ ಅರಗು ಹಾಕಿ, ಒಂದನ್ನು ಸಮಿತಿಯ ಅಧ್ಯಕ್ಷೆಗೆ ಕೊಟ್ಟು ಸಹಿ ಪಡೆದೆ. ಬುದ್ಧಿಯವರ ಕಿವಿಗೆ ಹಾಕುವುದು ಬೇಡ ಎಂದು ಕೆಲವರು ಸಲಹೆ ಕೊಟ್ಟಿದ್ದರು. ಸಂಜೆಯೇ ಹೋಗಿ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಸಮಿತಿ ಇದೆಯಲ್ಲ. ನನ್ನ ಹತ್ತಿರ ಏಕೆ ತಂದಿರಿ?" ಎಂದರು. ಅದು ಸಿಟ್ಟೋ ಅಪ್ಪಣೆಯೋ ನನಗೆ ಇವತ್ತಿಗೂ ಗೊತ್ತಿಲ್ಲ. ಅಪ್ಪಣೆ ಎಂದು ತಿಳಿದುಕೊಂಡೆ. ಆ ಹಿರಿಯರು ಈಗ ಆವರಣದಲ್ಲಿಲ್ಲ.

ದಾಸೋಹದ ಮನೆಗೆ ನಾನು ಬಹಳ ದಿನ ಕೈಹಾಕಿರಲಿಲ್ಲ. 2018ರ ಡಿಸೆಂಬರ್ 14ರಂದು ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯಲ್ಲಿ ಮಾರಮ್ಮನ ಪ್ರಸಾದಕ್ಕೆ ಕೀಟನಾಶಕ ಬೆರೆಸಿ 17 ಜನ ಸತ್ತ ಮೇಲೆ ಹೋಗಿ ನೋಡಿದೆ. ದಿನಸಿ ಗೋದಾಮಿನ ಮೂಲೆಯಲ್ಲಿ, ಬೇಳೆ ಮೂಟೆಗಳ ಪಕ್ಕದಲ್ಲೇ, ಮಠದ ತೋಟಕ್ಕೆ ಹೊಡೆಯುವ ಔಷಧದ ಡಬ್ಬಿಗಳಿದ್ದವು. ಯಾರ ದುರುದ್ದೇಶವೂ ಇರಲಿಲ್ಲ, ಜಾಗ ಖಾಲಿ ಇತ್ತು ಎಂದು ಇಟ್ಟಿದ್ದರು, ಅಷ್ಟೇ. ಅಂದೇ ಅವು ತೋಟದ ಮನೆಗೆ ಹೋದವು. ಪ್ರತಿ ಅಡುಗೆಯಿಂದ ಒಂದು ಡಬ್ಬಿ ಮಾದರಿ ತೆಗೆದಿಡೋಣ ಎಂದಾಗ ಅಡುಗೆಮನೆಯ ಹಿರಿಯರು ಸೌಟು ಕೆಳಗಿಟ್ಟು, "ಪ್ರಸಾದಕ್ಕೂ ಪರೀಕ್ಷೆಯೇ?" ಎಂದರು. ವಾದ ಮಾಡಲಿಲ್ಲ. ಪಂಕ್ತಿ ಕೂರುವುದಕ್ಕೆ ಅರ್ಧ ಗಂಟೆ ಮೊದಲು ಅವರೂ ನಮ್ಮ ಗಾರ್ಡ್ ಒಬ್ಬನೂ ಜೊತೆಗೆ ಕೂತು ಉಣ್ಣುವುದೆಂದು ಒಪ್ಪಂದವಾಯಿತು. ಡಬ್ಬಿಯ ಮಾತನ್ನು ಆರು ತಿಂಗಳು ಬಿಟ್ಟು ಅವರೇ ಎತ್ತಿದರು. ಆ ಪಾಳಿಗೆ ಈಗ ಗಾರ್ಡ್‌ಗಳಲ್ಲಿ ಪೈಪೋಟಿ ಇದೆ.

ಬೆಂಕಿ ಆರಿಸುವ ಸಿಲಿಂಡರು, ನಾಗರಹಾವು, ಚಪ್ಪಲಿ ಕಳ್ಳರು ಎಲ್ಲ ಕಡೆಯೂ ಇರುವವೇ, ಅವನ್ನು ಬಿಡುತ್ತೇನೆ. ಹಾಸ್ಟೆಲಿನ ಟೆರೇಸ್ ಬಾಗಿಲಿನ ವಿಷಯ ಮಾತ್ರ ಹೇಳಬೇಕು. ಮಕ್ಕಳ ಜೀವಕ್ಕೆ ಹೆದರಿ ಅದಕ್ಕೆ ಬೀಗ ಹಾಕಿದರೆ ಬೆಂಕಿ ಬಿದ್ದಾಗ ಅದೇ ಬೀಗ ಕೊಲ್ಲುತ್ತದೆ. ತಳ್ಳಿದರೆ ತೆರೆಯುವ, ಆದರೆ ತೆರೆದ ಕೂಡಲೇ ವಾರ್ಡನ್ ಮೇಜಿನ ಮೇಲೆ ಗಂಟೆ ಬಾರಿಸುವ ಬಾಗಿಲು ಹಾಕಿಸಿದ್ದೇವೆ. ಅದರ ಮೇಲೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆ ಬರೆಸಿದ್ದೇವೆ. ಗಂಟೆ ಬಾರಿಸಿದರೆ ಗಾರ್ಡ್ ಓಡಬಾರದು, ಮೆಟ್ಟಿಲು ಹತ್ತಿ ಹೋಗಿ ಪಕ್ಕದಲ್ಲಿ ಕೂರಬೇಕು ಎಂದು ಹೇಳಿಕೊಟ್ಟಿದ್ದೇನೆ.

ಇನ್ನು ಜಾತ್ರೆ. ವರ್ಷದ ಮುನ್ನೂರ ಅರುವತ್ತು ದಿನಗಳ ಕೆಲಸ ಒಂದು ತೂಕವಾದರೆ ತೇರಿನ ಒಂದು ದಿನವೇ ಇನ್ನೊಂದು ತೂಕ. ನನ್ನ ಮೊದಲ ತೇರಿನಲ್ಲಿ ಸೈನ್ಯದ ಬುದ್ಧಿ ಓಡಿಸಿ, ಒಳಗೆ ಬರುವ ದಾರಿಯನ್ನು ಅಗಲ ಮಾಡಿ ಹೊರಗೆ ಹೋಗುವ ದಾರಿಯನ್ನು ಗ್ರಂಥಾಲಯದ ಪಕ್ಕದ ಓಣಿಗೆ ತಿರುಗಿಸಿದ್ದೆ. ಓಣಿಯ ಅಗಲ ಹನ್ನೊಂದು ಅಡಿ. ತೇರು ನಿಂತ ಹತ್ತು ನಿಮಿಷದಲ್ಲಿ ಅಲ್ಲಿ ಜನ ಸಿಕ್ಕಿಕೊಂಡರು. ಒಬ್ಬ ತಾಯಿ ಮಗುವನ್ನು ತಲೆಯ ಮೇಲೆ ಎತ್ತಿ ಹಿಡಿದು ಯಾರಿಗಾದರೂ ಕೊಡಲು ಕೈ ಹುಡುಕುತ್ತಿದ್ದಳು. ಗ್ರಂಥಾಲಯದ ಗಾಜಿನ ಬಾಗಿಲು ಒಡೆದು ಜನರನ್ನು ಒಳಗಿನಿಂದ ದಾಟಿಸಿದೆವು. ಯಾರಿಗೂ ಏನೂ ಆಗಲಿಲ್ಲ ಎಂಬುದು ನನ್ನ ಜಾಣತನವಲ್ಲ. 2025ರ ಜೂನ್ 4ರಂದು ಬೆಂಗಳೂರಿನ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತ ಸುದ್ದಿ ನೋಡುವಾಗ ನನಗೆ ಆ ಓಣಿಯೇ ಕಣ್ಣಿಗೆ ಬಂತು.

ಈಗ ಹೊರಹೋಗುವ ದಾರಿ ಯಾವಾಗಲೂ ಒಳಬರುವ ದಾರಿಗಿಂತ ಅಗಲ. ಒಂದು ಚದರ ಮೀಟರಿನಲ್ಲಿ ನಿಂತವರು ನಾಲ್ಕು ಜನರನ್ನು ಮೀರಿದರೆ ಒಳಬರುವ ಗೇಟಿನಲ್ಲೇ ಜನರನ್ನು ನಿಧಾನಿಸಬೇಕು. ಜಾತ್ರೆಯಲ್ಲಿ ಟೇಪು ಹಿಡಿದು ಅಳೆಯಲು ಆಗುವುದಿಲ್ಲವಾದ್ದರಿಂದ ಗಾರ್ಡ್‌ಗಳಿಗೆ ಬೇರೆ ಗುರುತು ಹೇಳಿದ್ದೇನೆ: ಮುಂದಿರುವ ಮನುಷ್ಯ ಕೈ ಎತ್ತಿ ತನ್ನ ಬೆವರು ತಾನೇ ಒರೆಸಿಕೊಳ್ಳಲು ಆಗುತ್ತಿದೆಯೇ ನೋಡಿ. ಆಗದಿದ್ದರೆ ತಡವಾಯಿತು ಎಂದೇ ಅರ್ಥ. ಮಾಳಿಗೆಯ ಮೇಲೆ ನಿಂತು ಹಾಗೆ ನೋಡುವುದಕ್ಕೆಂದೇ ಎನ್‌ಎಸ್‌ಎಸ್‌ನ ಎಂಟು ಮಕ್ಕಳಿದ್ದಾರೆ.

ಉಳಿದ ಒಂದು ತಲೆನೋವಿಗೆ ನನ್ನಲ್ಲಿ ಇನ್ನೂ ಪೂರ್ತಿ ಮದ್ದಿಲ್ಲ. ತೇರಿಗೆ ಹಣ್ಣು ದವನ ಎಸೆಯುತ್ತಾರಲ್ಲ, ಕಳಸಕ್ಕೆ ತಾಕದೆ ಕೆಳಗೆ ಬಿದ್ದ ಬಾಳೆಹಣ್ಣಿನ ಮೇಲೆ ಜನ ಕಾಲಿಟ್ಟು ಜಾರುತ್ತಾರೆ, ಕೆಲವರು ಪ್ರಸಾದವೆಂದು ಆಯಲು ಚಕ್ರದ ಹತ್ತಿರ ಬಗ್ಗುತ್ತಾರೆ. ಎಸೆಯಬೇಡಿ, ಬುಟ್ಟಿಗೆ ಹಾಕಿ ಎಂದು ಸ್ವಾಮೀಜಿಯವರೇ ಮೈಕಿನಲ್ಲಿ ಹೇಳಿದರು. ಅರ್ಧ ಜನ ಕೇಳಿದರು. ಉಳಿದರ್ಧ ಮೊದಲು ಬುಟ್ಟಿಗೆ ಒಂದು ಹಾಕಿ ಆಮೇಲೆ ತೇರಿಗೂ ಒಂದು ಎಸೆದರು. ಹಾಗಾಗಿ ತೇರಿನ ಎರಡೂ ಬದಿಗೆ ಚೀಲ ಹಿಡಿದ ಹುಡುಗರನ್ನು ನಡೆಸುತ್ತೇನೆ, ಬಿದ್ದದ್ದನ್ನು ಬಿದ್ದಲ್ಲೇ ಎತ್ತುವುದು ಅವರ ಕೆಲಸ. ಕಳೆದ ವರ್ಷ ಹನ್ನೊಂದು ಗೋಣಿಚೀಲ ತುಂಬಿತು. ಮಠದ ದನಗಳು ಮೂರು ದಿನ ತಿಂದವು.