ಹೈಸ್ಕೂಲಿನ ಚೀಟಿಗಳು, ಮನೆಯ ಪುಟ್ಟ ಪ್ರಶ್ನೆಗಳು

ಶಿರಾ ಕಡೆಯ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಹೇಳಿಕೊಡುತ್ತೇನೆ. ಮನೆಯಲ್ಲಿ ಆರು ವರ್ಷದ ಮಗಳು, ಮೂರು ವರ್ಷದ ಮಗ. ಎಂಟನೇ ತರಗತಿಯ ಪುಸ್ತಕದಲ್ಲಿ ಹದಿಹರೆಯದ ಪಾಠ ಇದೆ, ಹತ್ತರಲ್ಲಿ ಸಂತಾನೋತ್ಪತ್ತಿ ಪಾಠ. ಕಾಂಡೋಮ್, ಕಾಪರ್-ಟಿ ಎಲ್ಲ ಅಲ್ಲೇ ಬರುತ್ತದೆ. ಎಷ್ಟೋ ಕಡೆ "ಮನೇಲಿ ಓದ್ಕೊಳ್ಳಿ" ಅಂತ ದಾಟಿಸಿಬಿಡುತ್ತಾರೆ. ನಾನು ದಾಟಿಸುವುದಿಲ್ಲ. ಪುಸ್ತಕದಲ್ಲೇ ಇರುವ ಪಾಠಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ ಅಲ್ವಾ?

ಪಾಠಕ್ಕೆ ಒಂದು ವಾರ ಮುಂಚೆ ಬೀಗ ಹಾಕಿದ ಡಬ್ಬಿ ಇಡುತ್ತೇನೆ. ಎಲ್ಲರಿಗೂ ಒಂದೇ ಅಳತೆಯ ಚೀಟಿ. ಹೆಸರು ಬೇಡ. ಪ್ರಶ್ನೆ ಇಲ್ಲದವರು "ಪ್ರಶ್ನೆ ಇಲ್ಲ" ಅಂತ ಬರೆದು ಹಾಕಬೇಕು. ಇಲ್ಲದಿದ್ದರೆ ಯಾರು ಬರೆಯುತ್ತಿದ್ದಾರೆ ಅಂತ ಎಲ್ಲರಿಗೂ ಗೊತ್ತಾಗಿಬಿಡುತ್ತದೆ. ಚೀಟಿಗಳಲ್ಲಿ ಬರುವುದು ದೊಡ್ಡವರು ಹೆದರುವಂಥ ಪ್ರಶ್ನೆಗಳಲ್ಲ, ಹೆಚ್ಚಿನವು ಭಯದ ಪ್ರಶ್ನೆಗಳು. "ನಿದ್ದೆಯಲ್ಲಿ ಒದ್ದೆ ಆಗುತ್ತೆ, ಶಕ್ತಿ ಹೋಗುತ್ತಾ?" "ಎರಡು ತಿಂಗಳಿಂದ ಡೇಟ್ ಆಗಿಲ್ಲ, ಕಾಯಿಲೆನಾ?" "ನಮ್ಮಮ್ಮನಿಗೆ ಬರೀ ಹೆಣ್ಣು ಮಕ್ಕಳು ಅಂತ ಬೈತಾರೆ, ತಪ್ಪು ಯಾರದು?"

ಕೊನೆಯ ಪ್ರಶ್ನೆಗೆ ಬೋರ್ಡಿನ ಮೇಲೆ ಎಕ್ಸ್, ವೈ ವರ್ಣತಂತುಗಳನ್ನು ಬರೆದು ತೋರಿಸುತ್ತೇನೆ. ತಾಯಿಯಿಂದ ಬರುವುದು ಎಕ್ಸ್ ಮಾತ್ರ. ಗಂಡು ಮಗುವಾಗಲು ಬೇಕಾದ ವೈ ಬರುವುದಾದರೆ ತಂದೆಯ ಕಡೆಯಿಂದಲೇ ಬರಬೇಕು, ಅದೂ ಯಾರ ಕೈಯಲ್ಲೂ ಇಲ್ಲ, ಹಾಗಾಗಿ ಯಾರ ತಪ್ಪೂ ಅಲ್ಲ. ಇದನ್ನು ಹೇಳುವಾಗ ಹುಡುಗಿಯರ ಮುಖ ನೋಡಬೇಕು ನೀವು. ಮನೆಯಲ್ಲಿ ಅಜ್ಜಿಗೆ ಹೇಳುವುದಕ್ಕೆ ಒಂದು ಉತ್ತರ ಸಿಕ್ಕಿತು ಅಂತ ಅವರಿಗೆ ಗೊತ್ತಾಗುತ್ತದೆ.

ಹುಡುಗರಿಗೆ ನಿಧಾನವಾಗಿ ಹೇಳುತ್ತೇನೆ. ನಿದ್ದೆಯಲ್ಲಿ ವೀರ್ಯ ಹೋಗುವುದು ಈ ವಯಸ್ಸಿಗೆ ಸಹಜ, ಅದರಿಂದ ರಕ್ತ ಕಡಿಮೆ ಆಗುವುದಿಲ್ಲ, ಕಣ್ಣು ಒಳಗೆ ಹೋಗುವುದಿಲ್ಲ, ಗೋಡೆ ಮೇಲೆ ನಂಬರ್ ಬರೆದುಕೊಂಡ "ಗುಪ್ತ ರೋಗ"ದವರಿಗೆ ದುಡ್ಡು ಕೊಡಬೇಡಿ. ಹುಡುಗಿಯರಿಗಾದರೂ ಅಕ್ಕನೋ ಚಿಕ್ಕಮ್ಮನೋ ಏನೋ ಒಂದು ಹೇಳಿರುತ್ತಾರೆ. ಹುಡುಗರಿಗೆ ಯಾರೂ ಏನೂ ಹೇಳಿರುವುದಿಲ್ಲ, ಎಲ್ಲ ಮೊಬೈಲಿನಿಂದಲೇ. ಅಲ್ಲಿ ನೋಡಿದ್ದನ್ನೇ ನಿಜ ಅಂದುಕೊಂಡಿರುತ್ತಾರೆ. ಅದಕ್ಕೇ ಮೊದಲನೇ ತರಗತಿ ಬೇರೆ ಬೇರೆ ಮಾಡುತ್ತೇನೆ, ಹುಡುಗರ ಜೊತೆ ನಮ್ಮ ಪಿ.ಟಿ. ಮೇಷ್ಟ್ರೂ ಕೂರುತ್ತಾರೆ. ಎರಡನೆಯದರಿಂದ ಎಲ್ಲರೂ ಒಟ್ಟಿಗೆ.

ಮುಟ್ಟಿನ ವಿಷಯಕ್ಕೆ ಜಾಸ್ತಿ ಹೊತ್ತು ಬೇಕಾಗುತ್ತದೆ. ನಮ್ಮ ಕಡೆ ಕೆಲವು ಹಟ್ಟಿಗಳಲ್ಲಿ ಮುಟ್ಟಾದವರು ಇವತ್ತಿಗೂ ಮನೆಯ ಹೊರಗೇ ಇರಬೇಕು, ಮಳೆ ಇರಲಿ, ಚಳಿ ಇರಲಿ, ಪರೀಕ್ಷೆ ಇರಲಿ. ಅವರ ಹಿರಿಯರನ್ನು ನಾನು ತರಗತಿಯಲ್ಲಿ ಬೈಯುವುದಿಲ್ಲ. ಬೈದರೆ ಆ ಹುಡುಗಿ ಬಾಯಿ ಮುಚ್ಚಿಕೊಳ್ಳುತ್ತಾಳೆ. ಗರ್ಭಕೋಶದ ಒಳಪದರ ಹೇಗೆ ಬೆಳೆಯುತ್ತದೆ, ಯಾಕೆ ಕಳಚುತ್ತದೆ ಅಂತ ಚಿತ್ರ ಬಿಡಿಸಿ ತೋರಿಸುತ್ತೇನೆ. ಅದು ಕೆಟ್ಟ ರಕ್ತ ಅಲ್ಲ ಅಂತ ಅವರಿಗೇ ಹೊಳೆಯುತ್ತದೆ. ಮೊದಲ ಒಂದೆರಡು ವರ್ಷ ಹೆಚ್ಚುಕಡಿಮೆ ಆಗುವುದು ಸಾಮಾನ್ಯ. ಮೂರು ತಿಂಗಳಾದರೂ ಬಾರದಿದ್ದರೆ, ತುಂಬಾ ಹೋಗುತ್ತಿದ್ದರೆ ಡಾಕ್ಟರಿಗೆ ತೋರಿಸಬೇಕು. ಪ್ಯಾಡ್ ನಾಲ್ಕರಿಂದ ಆರು ಗಂಟೆಗೆ ಬದಲಾಯಿಸಬೇಕು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಕಬ್ಬಿಣಾಂಶದ ಮಾತ್ರೆ ಬಿಸಾಕಬಾರದು. ಇಷ್ಟನ್ನೂ ಹುಡುಗರ ಎದುರಿಗೇ ಹೇಳುತ್ತೇನೆ.

ಪ್ಯಾಡ್ ತೋರಿಸಿದಾಗ ಹುಡುಗರು ನಗುತ್ತಾರೆ. ಮನೆಯಲ್ಲಿ ನನ್ನ ಮಗ ಅದೇ ಪ್ಯಾಕೆಟ್ ಹಿಡಿದುಕೊಂಡು ಬಂದು, "ಅಮ್ಮ, ನಿಂಗೂ ಡಯಾಪರ್ರಾ?" ಅಂದ. ನಗಲಿಲ್ಲ, ನಾಚಲಿಲ್ಲ. "ದೊಡ್ಡ ಹೆಂಗಸರಿಗೆ ತಿಂಗಳಿಗೊಮ್ಮೆ ರಕ್ತ ಬರುತ್ತೆ ಕಂದ, ಗಾಯ ಅಲ್ಲ, ನೋವಾದ್ರೆ ರೆಸ್ಟ್ ಮಾಡ್ತೀನಿ" ಅಂದೆ. ಸರಿ ಅಂತ ಆಟಕ್ಕೆ ಹೋದ. ಮೂರಕ್ಕೂ ಹದಿನಾಲ್ಕಕ್ಕೂ ನಡುವೆ ಎಲ್ಲೋ ಈ ನಗುವನ್ನು ನಾವೇ ಕಲಿಸುತ್ತೇವೆ. ಇದು ಗೊತ್ತಾದ ಮೇಲೆ ನನ್ನ ಪಾಠವೇ ಬದಲಾಯಿತು. ಈಗ ತರಗತಿಯಲ್ಲೂ ಮಗನಿಗೆ ಹೇಳಿದ ದನಿಯಲ್ಲೇ ಹೇಳುತ್ತೇನೆ. ಪಿಸುಗುಟ್ಟುವುದಿಲ್ಲ, ಗಂಟಲು ಸರಿ ಮಾಡಿಕೊಳ್ಳುವುದಿಲ್ಲ. ಹೃದಯದ ಪಾಠಕ್ಕೆ ಯಾವ ದನಿಯೋ ಇದಕ್ಕೂ ಅದೇ.

ತರಗತಿಯಿಂದ ಮನೆಗೂ ಬಂದದ್ದಿದೆ. ಹೈಸ್ಕೂಲಿನ ಮಕ್ಕಳಿಗೆ, ಯಾರಾದರೂ ಮುಟ್ಟಿದ್ದು ಇಷ್ಟವಾಗದಿದ್ದರೆ "ಬೇಡ" ಅನ್ನಿ ಅಂತ ಹೇಳಿದರೆ ಬಾಯೇ ಬರುವುದಿಲ್ಲ. ಹುಟ್ಟಿದಾಗಿನಿಂದ "ಮಾವನಿಗೆ ಒಂದು ಮುತ್ತು ಕೊಡು" ಅಂತ ತಳ್ಳಿಸಿಕೊಂಡು ಬೆಳೆದವರು ಇದ್ದಕ್ಕಿದ್ದಂತೆ ಬೇಡ ಅನ್ನುವುದು ಹೇಗೆ? ಅದಕ್ಕೇ ಮನೆಗೆ ಬಂದ ನೆಂಟರಿಗೆ ನನ್ನ ಮಗಳು ಕೈ ಮುಗಿದರೆ ಸಾಕು. ಅತ್ತೆಗೆ ಮೊದಲು ಬೇಜಾರಾಯಿತು. "ಏನಮ್ಮ, ನಮ್ಮೋರೇ ಅಲ್ವಾ?" ಅಂದರು. "ನಮ್ಮೋರ ಹತ್ತಿರವೇ ಅಭ್ಯಾಸ ಆಗ್ಬೇಕು ಅತ್ತೆ" ಅಂದೆ. ಈಗ ಅವರೇ "ಮಗೂನ ಕೇಳಿ ಎತ್ಕೊಳ್ಳಿ" ಅನ್ನುತ್ತಾರೆ.

ನಾದಿನಿ ಬಸುರಿಯಾದಾಗ ಮಗಳು ಪಾಪು ಒಳಗೆ ಹೇಗೆ ಹೋಯ್ತು ಅಂತ ಕೇಳಿದಳು. ಅಪ್ಪನ ಮೈಯಲ್ಲಿ ಒಂದು ಪುಟ್ಟ ಕಣ, ಅಮ್ಮನ ಮೈಯಲ್ಲಿ ಒಂದು ಪುಟ್ಟ ಮೊಟ್ಟೆ, ಎರಡೂ ಸೇರಿದರೆ ಪಾಪು ಶುರು ಅಂದೆ. ಅಷ್ಟೇ ಸಾಕಾಯಿತು. ಕೇಳಿದ್ದಕ್ಕೆ ಮಾತ್ರ ಉತ್ತರ, ಆದರೆ ಅವತ್ತೇ ಉತ್ತರ, ನಿಜವಾದ ಉತ್ತರ.

ಇದನ್ನು ಹೇಳಿಕೊಡಬೇಕು ಅಂತಿರುವವರಿಗೆ ಒಂದು ಮಾತು ಮುಖ್ಯ. "ಯಾರಿಗೂ ಹೇಳಲ್ಲ" ಅಂತ ಮಕ್ಕಳಿಗೆ ಮಾತು ಕೊಡಬೇಡಿ. 2012ರ ಪೋಕ್ಸೊ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ. ಅವರ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದರೆ ಪೊಲೀಸರಿಗೆ ತಿಳಿಸಲೇಬೇಕು, ಸುಮ್ಮನಿದ್ದರೆ ಅದೂ ಅಪರಾಧ. ನಾನು ಮೊದಲ ದಿನವೇ ಹೇಳಿಬಿಡುತ್ತೇನೆ: "ನಿಮ್ಮ ಅನುಮಾನಗಳು ನನ್ನಲ್ಲೇ ಇರುತ್ತವೆ, ಆದರೆ ಯಾರಾದರೂ ನಿಮಗೆ ತೊಂದರೆ ಕೊಟ್ಟಿದ್ದರೆ ನಾನು ಸುಮ್ಮನಿರುವುದಿಲ್ಲ, ಏನು ಮಾಡುವುದಾದರೂ ನಿಮಗೆ ಮೊದಲು ಹೇಳಿಯೇ ಮಾಡುತ್ತೇನೆ." ಮಕ್ಕಳ ಸಹಾಯವಾಣಿಯ 1098 ನಂಬರನ್ನು ಬೋರ್ಡಿನ ಮೂಲೆಯಲ್ಲಿ ವರ್ಷವಿಡೀ ಅಳಿಸದೆ ಬಿಟ್ಟಿರುತ್ತೇವೆ. ಮದುವೆಗೆ ಹುಡುಗಿಗೆ 18, ಹುಡುಗನಿಗೆ 21 ಅನ್ನುವುದೂ ಅಲ್ಲೇ ಇದೆ. ಹತ್ತನೇ ಪರೀಕ್ಷೆ ಮುಗಿಯುತ್ತಿದ್ದಂತೆ ಮನೆಯಲ್ಲಿ ಗಂಡು ನೋಡುವ ಮಾತು ಶುರುವಾಗುತ್ತದೆ, ಆಗ ಆ ನಂಬರ್ ಬೇಕಾಗುತ್ತದೆ.

ಪಾಲಕರ ಸಭೆಯಲ್ಲಿ ಚೀಟಿಯ ಕೆಲವು ಪ್ರಶ್ನೆಗಳನ್ನು ಯಾರ ಅಕ್ಷರ ಅಂತ ಗೊತ್ತಾಗದ ಹಾಗೆ ಬೇರೆ ಹಾಳೆಗೆ ಬರೆದು ಓದುತ್ತೇನೆ. ಜಗಳಕ್ಕೆ ಬಂದವರೂ ಕೇಳಿಸಿಕೊಳ್ಳುತ್ತಾರೆ. ಒಬ್ಬರು ತಂದೆ ಆಮೇಲೆ ಹತ್ತಿರ ಬಂದು, "ಮಿಸ್, ನಮ್ಮ ಹುಡುಗನ ಮುಖ ನೋಡ್ಕೊಂಡು ಇದೆಲ್ಲ ಹೆಂಗೆ ಮಾತಾಡ್ಲಿ?" ಅಂದರು. ಮುಖ ನೋಡಬೇಡಿ ಅಂದೆ. ಗಾಡಿಯಲ್ಲಿ ಹಿಂದೆ ಕೂರಿಸಿಕೊಂಡು ಹೋಗುವಾಗ, ಇಲ್ಲ ಕಡ್ಲೆಕಾಯಿ ಬಿಡಿಸುವಾಗ ಪಕ್ಕ ಕೂತು ಶುರು ಮಾಡಿ, ಅವನ ವಯಸ್ಸಿನಲ್ಲಿ ನಿಮಗೆ ಏನು ಭಯ ಇತ್ತು ಅಂತ ಮೊದಲು ನೀವು ಹೇಳಿ.